ಕುಣಿಯೋರ ಮೈ ಮೇಲಿನ ಭಾರ: ಜನಪದ ಕುಣಿತಗಳ ಬಗ್ಗೆ ಒಂದು ಮಾತು

(ಒಂದು ಪದವಿ ಕಾಲೇಜಿನ ಜಾನಪದ ಕಾರ್ಯಕ್ರಮದಲ್ಲಿ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಮಾತಾಡಿದ ಹಾಗೇ ಬಿಟ್ಟಿದೀನಿ. ಮಧ್ಯೆ ಕರೆಂಟ್ ಹೋಗಿ ಮೈಕ್ ನಿಂತಾಗಿನ ಮಾತನ್ನ ನೆನಪಿದ್ದಷ್ಟು ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಪ್ರಿನ್ಸಿಪಾಲರು ನನ್ನ ಬಗ್ಗೆ ತುಂಬಾ ದೊಡ್ಡ ದೊಡ್ಡ ಮಾತು ಹೇಳಿಬಿಟ್ರು, ಅದರಲ್ಲಿ ಅರ್ಧ ಕಳೆದು ಉಳಿದದ್ದನ್ನ ಇಟ್ಕೊಳ್ಳಿ. ಸಾಮಾನ್ಯವಾಗಿ ಜಾನಪದದ ಬಗ್ಗೆ ಮಾತಾಡೋಕೆ ಕರೆದ್ರೆ ಭಾಷಣಕಾರರು ಎರಡು ವಿಷಯ ಹೇಳ್ತಾರೆ, ಒಂದು ನಮ್ಮ ಸಂಸ್ಕೃತಿ ಬಹಳ ಶ್ರೀಮಂತ ಅಂತ, ಇನ್ನೊಂದು ಅದು ಅಳಿದು ಹೋಗ್ತಾ ಇದೆ ಅಂತ. ಅವೆರಡನ್ನೂ ನೀವು ಹೈಸ್ಕೂಲಿಂದ ಕೇಳಿಕೊಂಡೇ ಬಂದಿದೀರಿ, ನಾನೂ ಅದನ್ನೇ ಹೇಳಿದ್ರೆ ಹಿಂದಿನ ಸಾಲಿನೋರು ಮೊಬೈಲ್ ತೆಗೀತಾರೆ, ಈಗಾಗ್ಲೇ ಕೆಲವರು ತೆಗೆದಿದಾರೆ ಬಿಡಿ.

ನಾನು ಹೇಳೋಕೆ ಬಂದಿರೋದು ಒಂದೇ ವಿಷಯ. ಕುಣಿತ ನೋಡುವಾಗ ನಾವೆಲ್ಲ ಕಾಲು ನೋಡ್ತೀವಿ, ಹೆಜ್ಜೆ ಹೇಗಿದೆ, ಎಷ್ಟು ಜೋರಾಗಿ ಹಾರ್ತಾರೆ ಅಂತ. ಅದಕ್ಕಿಂತ ಮೊದಲು ಕುಣಿಯೋರು ಏನು ಹೊತ್ತಿದಾರೆ, ಕೈಯಲ್ಲಿ ಏನು ಹಿಡಿದಿದಾರೆ, ಅದರ ತೂಕ ಎಷ್ಟು, ಅದು ಮೈಯಲ್ಲಿ ಎಲ್ಲಿ ಕೂತಿದೆ ಅನ್ನೋದನ್ನ ನೋಡಿ. ನಮ್ಮ ಕಡೆಯ ಬಹುಪಾಲು ಕುಣಿತಗಳಲ್ಲಿ ಹೆಜ್ಜೆ ಹುಟ್ಟೋದೇ ಆ ಭಾರದಿಂದ. ಯಾರೋ ಒಬ್ಬ ಮಾಸ್ಟರ್ ಕೂತು ಸ್ಟೆಪ್ ಹಾಕಿ ಕೊಟ್ಟಿದ್ದಲ್ಲ ಅದು.

ಡೊಳ್ಳಿನಿಂದಲೇ ಶುರು ಮಾಡೋಣ, ಬೆಳಗ್ಗೆ ನಿಮ್ಮ ಹುಡುಗರೇ ಡೊಳ್ಳು ಹಾಕಿ ಮೆರವಣಿಗೆ ಮಾಡಿದ್ರಲ್ಲ. ಡೊಳ್ಳು ಹಾಲುಮತದ ಕುರುಬರ ವಾದ್ಯ, ಬೀರಪ್ಪನ ಸೇವೆಗೆ ಬಾರಿಸೋದು. ಡೊಳ್ಳಾಸುರ ಅನ್ನೋ ರಾಕ್ಷಸ ಶಿವನನ್ನ ಹೊಟ್ಟೆಯೊಳಗೆ ಇಟ್ಕೊಂಡ, ಶಿವ ಹೊಟ್ಟೆ ಬಗೆದು ಹೊರಗೆ ಬಂದು ಅವನ ಚರ್ಮದಲ್ಲೇ ಡೊಳ್ಳು ಮಾಡಿ ಭಕ್ತರ ಕೈಗೆ ಕೊಟ್ಟ ಅಂತ ಕಥೆ ಇದೆ, ಹೇಳೋರು ಊರಿಗೊಂದು ಥರ ಹೇಳ್ತಾರೆ. ಒಳಗೆ ಟೊಳ್ಳಾದ ಮರದ ಮೈ, ಎರಡೂ ಬದಿಗೆ ಆಡು ಕುರಿಯ ಚರ್ಮ, ಸುತ್ತ ಹಗ್ಗ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ಹತ್ತು ಕೆಜಿ ಮೇಲೆ ತೂಗೋ ಡೊಳ್ಳು ಮಾಮೂಲು. ಈಗ ಅದನ್ನ ಹೊಟ್ಟೆಗೆ ಅಡ್ಡಡ್ಡ ಕಟ್ಕೊಂಡು ನಿಂತ್ಕೊಂಡ್ರೆ ಏನಾಗತ್ತೆ? ಮುಂದಕ್ಕೆ ಎಳೆಯತ್ತೆ. ಅದಕ್ಕೇ ಡೊಳ್ಳಿನವರು ಸೊಂಟದಿಂದ ಮೇಲೆ ಸ್ವಲ್ಪ ಹಿಂದಕ್ಕೆ ವಾಲಿರ್ತಾರೆ, ಕಾಲು ಅಗಲ ಇಡ್ತಾರೆ, ಮಂಡಿ ಯಾವತ್ತೂ ನೆಟ್ಟಗೆ ಮಾಡಲ್ಲ. ತಿರುಗಬೇಕಂದ್ರೆ ಬರೀ ತಲೆ ತಿರುಗಿಸೋ ಹಾಗಿಲ್ಲ, ಇಡೀ ಮೈ ತಿರುಗಬೇಕು, ಇಲ್ಲಾಂದ್ರೆ ಡೊಳ್ಳು ಒಂದು ಕಡೆ, ತಾನೊಂದು ಕಡೆ. ಡೊಳ್ಳಿನ ಗತ್ತು ಅಂತೀವಲ್ಲ, ಆ ಎದೆ ಉಬ್ಬಿಸಿ ಹಿಂದಕ್ಕೆ ವಾಲೋ ನಿಲುವು, ಅದು ಯಾರೋ ವೀರರಸ ತೋರ್ಸೋಕೆ ಹಾಕಿದ ಪೋಸ್ ಅಲ್ಲ, ಹಾಗೆ ನಿಂತಿಲ್ಲಾಂದ್ರೆ ಮುಗ್ಗರಿಸ್ತಾರೆ.

ಉತ್ತರ ಕರ್ನಾಟಕದ ಕಡೆ ಹೋದ್ರೆ ಡೊಳ್ಳಿನ ಪದಗಳು ಮುಖ್ಯ ಆಗ್ತವೆ, ರಾತ್ರಿಯೆಲ್ಲ ಸವಾಲು ಜವಾಬು ನಡೆಯತ್ತೆ, ಕುಣಿತ ಅಷ್ಟಕ್ಕಷ್ಟೇ. ಶಿವಮೊಗ್ಗ ಸಾಗರದ ಕಡೆ ತಂಡಗಳು ಓಟ, ಹಾರಾಟ, ಸುತ್ತು ಅಂತ ಕುಣಿತವನ್ನೇ ಬೆಳೆಸಿಕೊಂಡಿದಾರೆ. ಟೀವಿಯಲ್ಲಿ, ದಸರಾದಲ್ಲಿ ನಾವು ನೋಡೋದು ಹೆಚ್ಚಾಗಿ ಇದನ್ನೇ.

ಇದಕ್ಕೆ ಪೂರ್ತಿ ಉಲ್ಟಾ ಕಂಸಾಳೆ. ಭಾರ ತುಂಬಾ ಕಮ್ಮಿ. ಕಂಚಿನ ಎರಡು ತುಂಡು, ಎಡಗೈಯಲ್ಲಿ ಬಟ್ಟಲಿನ ಹಾಗಿರೋದು, ಬಲಗೈಯಲ್ಲಿ ಚಪ್ಪಟೆ ತಾಳ, ಅದರ ನಡುವಿಂದ ಒಂದು ದಾರ, ದಾರದ ತುದಿಗೆ ಗೊಂಡೆ. ಮಲೆ ಮಾದೇಶ್ವರನ ಗುಡ್ಡರು ಇದನ್ನ ಹಿಡಿಯೋರು. ಗುಡ್ಡ ಅಂದ್ರೆ ಮಾದಪ್ಪನಿಗೆ ಹರಕೆ ಹೊತ್ತು, ಗುರುವಿನಿಂದ ದೀಕ್ಷೆ ತಗೊಂಡು, ಕಂಸಾಳೆ ಹಿಡಿದು ಮನೆ ಮನೆಗೆ ಹೋಗಿ ಹಾಡಿ ಭಿಕ್ಷೆ ಎತ್ತೋನು. ಮೂಲದಲ್ಲಿ ಇದು ಕೂತು ಹಾಡೋ ಕಲೆ. ಮುಂದಾಳು ಕಥೆ ಎತ್ತಿಕೊಡ್ತಾನೆ, ಹಿಂದಿನವರು ಸೊಲ್ಲು ಹಿಡೀತಾರೆ, ಏಕತಾರಿ, ದಮ್ಮಡಿ ಜೊತೆಗಿರತ್ತೆ. ಮಾದಪ್ಪನ ಮಹಾಕಾವ್ಯವನ್ನ ಸಾಲು ಸಾಲಾಗಿ, ಅಂದ್ರೆ ಭಾಗ ಭಾಗವಾಗಿ ಹಾಡ್ತಾರೆ, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಅಂತ. ಗಂಡ ನೀಲೇಗೌಡ ಕಾಡಿಗೆ ಜೇನು ತರೋಕೆ ಹೋಗೋ ಮುಂಚೆ ಭಾಷೆ ಕೊಡು ಅಂತ ಸಂಕಮ್ಮನ ಪ್ರಾಣ ಹಿಂಡ್ತಾನೆ, ಆಯಮ್ಮ ಕೊಡಲ್ಲ ಅಂತ ನಿಲ್ತಾಳೆ, ಆ ಭಾಗ ಒಂದೇ ಹಾಡೋಕೆ ಶುರು ಮಾಡಿದ್ರೆ ಬೆಳಗಾಗತ್ತೆ.

ಎದ್ದು ನಿಂತು ಬೀಸೋಕೆ ಶುರು ಮಾಡಿದ್ರೆ ಅದು ಬೀಸು ಕಂಸಾಳೆ. ಇದನ್ನ ಹತ್ತಿರದಿಂದ ನೋಡಿದೋರಿಗೆ ಗೊತ್ತು, ಬಲಗೈ ತಾಳ ಹಿಡಿದಿರಲ್ಲ, ದಾರ ಹಿಡಿದಿರತ್ತೆ. ತಾಳ ಗಾಳಿಯಲ್ಲಿ ಒಂದು ಸುತ್ತು ಹೊಡೆದು ಬಂದು ಎಡಗೈ ಬಟ್ಟಲಿಗೆ ತಗಲಬೇಕು, ಝಣ್ ಅನ್ನಬೇಕು, ಆ ಹೊತ್ತಿಗೆ ಎಡಗೈ ಅಲ್ಲಿರಬೇಕು. ಒಂದ್ಸಲ ಬೆನ್ನ ಹಿಂದೆ, ಒಂದ್ಸಲ ಎತ್ತಿದ ತೊಡೆ ಕೆಳಗೆ, ಒಂದ್ಸಲ ತಲೆ ಮೇಲೆ, ಇನ್ನೊಂದ್ಸಲ ಪಕ್ಕದಲ್ಲಿರೋನ ಬಟ್ಟಲಿಗೆ. ಬೀಸಿ ಬಿಟ್ಟ ಮೇಲೆ ಕಂಚು ನಿಮ್ಮ ಮಾತು ಕೇಳಲ್ಲ, ಅದು ತನ್ನ ಟೈಮಿಗೆ ಬರತ್ತೆ. ದಾರ ಉದ್ದ ಬಿಟ್ರೆ ಸುತ್ತು ದೊಡ್ಡದು, ಬರೋದು ತಡ, ಗಿಡ್ಡ ಹಿಡಿದ್ರೆ ಬೇಗ. ಹಾಗಾಗಿ ಇಲ್ಲಿ ಲಯ ಇರೋದು ಕಾಲಲ್ಲಿ ಅಲ್ಲ, ದಾರದಲ್ಲಿ, ಕಾಲು ಬರೀ ಮೈಯನ್ನ ಆ ಜಾಗಕ್ಕೆ ತಂದು ನಿಲ್ಲಿಸೋ ಕೆಲಸ ಮಾಡತ್ತೆ. ಎಂಟು ಜನ ಸಾಲಾಗಿ ನಿಂತು ಒಬ್ಬರ ಬಟ್ಟಲಿಗೆ ಒಬ್ಬರು ಹೊಡೀತಾ ಇರುವಾಗ ಒಬ್ಬ ಒಂದು ಗೇಣು ಆಚೆ ನಿಂತಿದ್ರೂ ಪಕ್ಕದೋನ ಹಲ್ಲು ಹೋಗತ್ತೆ. ಈ ಕಲೆಯಲ್ಲಿ ಶಿಸ್ತು ಯಾಕೆ ಬಂತು ಅಂತ ಯಾರಾದ್ರೂ ಥೀಸಿಸ್ ಬರೆಯೋದಾದ್ರೆ ಮೊದಲ ಚಾಪ್ಟರ್ ಹಲ್ಲಿನ ಮೇಲೆ ಬರೀಲಿ ಅಂತ ನಾನು ಹೇಳ್ತಾ ಇರ್ತೀನಿ. (ನಗು)

ಹಳೇ ಮೈಸೂರು ಕಡೆ ಇನ್ನೊಂದು ಗುಂಪಿದೆ, ತಲೆ ಮೇಲೆ, ಹೆಗಲ ಮೇಲೆ ಹೊರೋದು. ಪೂಜಾ ಕುಣಿತ ಮಂಡ್ಯ, ರಾಮನಗರ, ಬೆಂಗಳೂರು ಗ್ರಾಮಾಂತರದಲ್ಲಿ ಜಾಸ್ತಿ. ಬಿದಿರಿನ ಚೌಕಟ್ಟು, ಅದಕ್ಕೆ ಬಣ್ಣದ ಸೀರೆ, ನಡುವೆ ದೇವಿ ಮುಖ, ಎಲ್ಲಾ ಸೇರಿ ಕುಣಿಯೋನ ತಲೆ ಮೇಲೆ. ಕೈಯಲ್ಲಿ ಹಿಡಿಯೋ ಹಾಗಿಲ್ಲ. ಬಾವಿಯಿಂದ ಸಿಂಬೆ ಮೇಲೆ ಬಿಂದಿಗೆ ಹೊತ್ತು ತರೋ ಹೆಂಗಸರನ್ನ ನೋಡಿದ್ರೆ ಇದು ಅರ್ಥ ಆಗತ್ತೆ, ಕುತ್ತಿಗೆಯಿಂದ ಮೇಲೆ ಅಲುಗಾಟ ಇಲ್ಲ, ಕೆಳಗಿನ ಮೈ ಎಲ್ಲಾ ಕೆಲಸ ಮಾಡ್ತಾ ಇರತ್ತೆ. ಪೂಜೆ ಹೊತ್ತೋನು ಅದೇ ತತ್ವದ ಮೇಲೆ ತಮಟೆ ಏಟಿಗೆ ಕುಣೀತಾನೆ, ಕೂರ್ತಾನೆ, ಏಳ್ತಾನೆ, ಏಣಿ ಹತ್ತೋರೂ ಇದಾರೆ. ಪಟ ಕುಣಿತದಲ್ಲಿ ಉದ್ದ ಬಿದಿರುಗಳಕ್ಕೆ ಬಣ್ಣಬಣ್ಣದ ಬಟ್ಟೆ ಸುತ್ತಿ ತುದಿಗೆ ಛತ್ರಿ ಕಟ್ಟಿರ್ತಾರೆ, ಗಾಳಿ ಬಂದ್ರೆ ತುದಿ ಎಳೆಯತ್ತೆ. ಬೀರಭದ್ರನ ನಂದಿಕೋಲು ಅದಕ್ಕಿಂತ ಭಾರ, ಸೊಂಟಕ್ಕೆ ಕಟ್ಟಿದ ಪಟ್ಟಿಯಲ್ಲಿ ಬುಡ ಊರಿಕೊಂಡು ಕುಣೀಬೇಕು, ಮೈಸೂರು ದಸರಾ ಜಂಬೂಸವಾರಿ ದಿನ ಮೊದಲು ಪೂಜೆ ಆಗೋದೇ ನಂದಿಧ್ವಜಕ್ಕೆ. ಬೆಂಗಳೂರು ಕರಗ ಅಂತೂ ನಿಮಗೆ ಗೊತ್ತೇ ಇದೆ, ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟು ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರತ್ತೆ, ಸುತ್ತ ಕತ್ತಿ ಹಿಡಿದ ವೀರಕುಮಾರರು. ಅದನ್ನ ಜನಪದ ಕುಣಿತ ಅಂದ್ರೆ ಕೆಲವರಿಗೆ ಕೋಪ ಬರತ್ತೆ, ಅದು ಪೂಜೆ ಅಂತಾರೆ. ನನ್ನ ಪ್ರಕಾರ ಈವರೆಗೆ ಹೇಳಿದ್ದೆಲ್ಲ ಪೂಜೆನೇ, ಕುಣಿತ ಅಂತ ಬೇರೆ ಮಾಡಿದ್ದು ನಾವು, ಸ್ಟೇಜ್ ಕಟ್ಟಿದ ಮೇಲೆ.

ಗೊರವಯ್ಯನದು ಇನ್ನೊಂದು ಕಥೆ. ಮೈಲಾರಲಿಂಗನ ಒಕ್ಕಲು. ಕರಿ ಕಂಬಳಿ, ಕರಡಿ ಕೂದಲಿನ ದೊಡ್ಡ ಟೋಪಿ, ಒಂದು ಕೈಯಲ್ಲಿ ಡಮರುಗ, ಇನ್ನೊಂದು ಕೈಯಲ್ಲಿ ಪಿಳ್ಳಂಗೋವಿ. ಈ ಬಿಸಿಲಲ್ಲಿ ಕಂಬಳಿ ಹೊದ್ದು, ಅಂಥ ಟೋಪಿ ಹಾಕ್ಕೊಂಡು ಕುಣಿಯೋನು ಡೊಳ್ಳಿನೋನ ಥರ ಹಾರೋಕೆ ಆಗತ್ತಾ? ಅವನ ಹೆಜ್ಜೆ ನಿಧಾನ, ಅಡ್ಡಡ್ಡ ತೂಗಾಡೋದು, ಥಟ್ಟನೆ ಒಂದು ಸುತ್ತು, ಮತ್ತೆ ನಿಧಾನ, ನೋಡೋರಿಗೆ ಸ್ವಲ್ಪ ಭಯಾನೂ ಆಗಬೇಕು. ಕರಡಿ 1972ರ ವನ್ಯಜೀವಿ ಕಾಯ್ದೆಯಲ್ಲಿ ಬರೋ ಪ್ರಾಣಿ, ಹೊಸ ಚರ್ಮ ಸಿಗಲ್ಲ, ಸಿಗಲೂಬಾರದು, ಹಾಗಾಗಿ ಹಳೇ ಟೋಪಿಗಳನ್ನ ಜೋಪಾನ ಮಾಡ್ಕೊಂಡಿರ್ತಾರೆ ಇಲ್ಲ ಬೇರೆ ಕೂದಲು, ದಾರದಲ್ಲಿ ಮಾಡಿಸ್ಕೊಳ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆ ಆಗತ್ತೆ, ಅಲ್ಲಿ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಹತ್ತಿ ಕಾರ್ಣಿಕ, ಅಂದ್ರೆ ಭವಿಷ್ಯವಾಣಿ, ಹೇಳ್ತಾನೆ. ಅಷ್ಟು ದೊಡ್ಡ ಜನಸಾಗರ ಏಳು ಕೋಟಿ ಏಳು ಕೋಟಿ ಅಂತ ಕೂಗ್ತಾ ಇರತ್ತೆ, ಅವನು ಮೇಲಿಂದ "ಸದ್ದಲೇ" ಅಂತಾನೆ, ಅಷ್ಟೇ, ಒಂದು ಪಿಟಕ್ ಅನ್ನಲ್ಲ. ಒಂದೇ ಒಂದು ವಾಕ್ಯ ನುಡಿದು ಮೇಲಿಂದ ಹಾಗೇ ಬೀಳ್ತಾನೆ, ಕೆಳಗಿದ್ದೋರು ಹಿಡ್ಕೋತಾರೆ. ಮಾರನೇ ದಿನ ಪೇಪರಲ್ಲಿ ಅದು ಮಳೆ ಬಗ್ಗೆನೋ ಸರ್ಕಾರ ಬೀಳೋ ಬಗ್ಗೆನೋ ಅಂತ ಚರ್ಚೆ. ಈ ಗೊರವರು ದೋಣಿ ಸೇವೆ ಅಂತ ಮಾಡ್ತಾರೆ, ದೋಣಿ ಅನ್ನೋ ಪಾತ್ರೆಯಲ್ಲಿ ಹಾಲು ಬಾಳೆಹಣ್ಣು ಹಾಕಿಸಿಕೊಂಡು ಮೈಲಾರನ ನಾಯಿಗಳ ಹಾಗೆ ಬೊಗಳುತ್ತಾ, ಕಿತ್ತಾಡುತ್ತಾ ಬಾಯಲ್ಲೇ ತಿಂತಾರೆ. ಸ್ಟೇಜಿನ ಗೊರವರ ಕುಣಿತದಲ್ಲಿ ಇದು ಇರಲ್ಲ, ಯಾಕಂದ್ರೆ ಇದು ಫೋಟೋಗೆ ಚೆನ್ನಾಗಿರಲ್ಲ.

ನಮ್ಮ ರಾಜ್ಯದ ಮಾತೇ ಹೇಳ್ತಾ ಇದೀನಿ, ಆಚೆ ಕಡೆಯಿಂದ ಒಂದು ಉದಾಹರಣೆ ಕೊಡ್ತೀನಿ, ಇದು ನನ್ನ ವಾದಕ್ಕೆ ಸಿಕ್ಕ ಗಟ್ಟಿ ಸಾಕ್ಷಿ. ಪೂರ್ವ ಭಾರತದಲ್ಲಿ ಛವು ಅಂತ ಕುಣಿತ ಇದೆ, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಒಂದೇ ಹೆಸರು, ಮೂರು ಬಗೆ. ಬಂಗಾಳದ ಪುರುಲಿಯಾದಲ್ಲಿ ದೊಡ್ಡ ಮುಖವಾಡ, ಸುತ್ತ ಗರಿ ಮಣಿ ಹಾಕಿ ಇನ್ನಷ್ಟು ದೊಡ್ಡದು ಮಾಡಿರ್ತಾರೆ, ಅಲ್ಲಿ ಚರೀದಾ ಅನ್ನೋ ಊರಲ್ಲಿ ಬೀದಿ ತುಂಬಾ ಮುಖವಾಡ ಮಾಡೋರೇ. ಜಾರ್ಖಂಡಿನ ಸರಾಯಿಕೇಲಾದಲ್ಲಿ ಮುಖಕ್ಕೆ ಅಂಟಿದಂಥ ನಯವಾದ ಮುಖವಾಡ. ಒಡಿಶಾದ ಮಯೂರ್‌ಭಂಜ್‌ನಲ್ಲಿ ಮುಖವಾಡವೇ ಇಲ್ಲ. ಈಗ ಕುಣಿತ ನೋಡಿ. ಪುರುಲಿಯಾದಲ್ಲಿ ಮುಖದಲ್ಲಿ ಏನೂ ತೋರಿಸೋಕೆ ಆಗಲ್ಲ, ದೂರದ ಜನಕ್ಕೂ ಕಾಣಬೇಕು, ಹಾಗಾಗಿ ಹಾರಿ ಮಂಡಿ ಮೇಲೆ ಬೀಳೋದು, ಗಾಳಿಯಲ್ಲಿ ಲಾಗ ಹಾಕೋದು, ಭುಜ ನಡುಗಿಸಿ ಕೋಪ ತೋರಿಸೋದು. ಸರಾಯಿಕೇಲಾ ಮುಖವಾಡದಲ್ಲಿ ಉಸಿರಾಡೋದೇ ಕಷ್ಟ, ಅದಕ್ಕೇ ಅಲ್ಲಿ ಒಂದೊಂದು ಕುಣಿತ ಕೆಲವೇ ನಿಮಿಷ, ಮೈ ಕೊಂಚವೇ ಬಾಗಿಸಿ ಕುತ್ತಿಗೆ ತಿರುಗಿಸಿ ಹೇಳಬೇಕಾದ್ದನ್ನ ಹೇಳಿ ಮುಗಿಸ್ತಾರೆ. ಮುಖ ಬಿಚ್ಚಿರೋ ಮಯೂರ್‌ಭಂಜ್‌ನೋರು ದೀರ್ಘ ಹೊತ್ತು, ದೊಡ್ಡ ಗುಂಪಲ್ಲಿ, ಒಂಟಿ ಕಾಲಲ್ಲಿ ನಿಂತು ಮೈಯನ್ನೆಲ್ಲ ಎಳೆದು ಕುಣೀತಾರೆ. ಒಂದು ಮುಖವಾಡ ತೆಗೆದಿದ್ದಕ್ಕೆ ಇಷ್ಟು ವ್ಯತ್ಯಾಸ.

ಛವುದಲ್ಲಿ ಇನ್ನೊಂದು ಚಂದದ ವಿಷಯ ಇದೆ, ಉಫ್ಲಿ ಅಂತ ಅಭ್ಯಾಸದ ಚಲನೆಗಳಿವೆ, ಅವನ್ನ ತಗೊಂಡಿರೋದು ಮನೆಗೆಲಸದಿಂದ. ಸೆಗಣಿ ಸಾರಿಸೋದು, ಪಾತ್ರೆ ತೊಳೆಯೋದು, ಭತ್ತ ಕೇರೋದು. ಕತ್ತಿ ಗುರಾಣಿ ಹಿಡಿಯೋ ಗಂಡಸರ ಕುಣಿತದ ಒಳಗೆ ಹೆಂಗಸರ ಸಾರಣೆ ಕೂತಿದೆ. ಅವರಿಗೆ ಯಾರೂ ಪ್ರಶಸ್ತಿ ಕೊಡಲಿಲ್ಲ ಅನ್ನೋದು ಬೇರೆ ಮಾತು.

ಈಗ ಸ್ಟೇಜಿನ ವಿಷಯಕ್ಕೆ ಬರ್ತೀನಿ. ದೆಹಲಿ ಗಣರಾಜ್ಯೋತ್ಸವಕ್ಕೆ ರಾಜ್ಯಗಳಿಂದ ಜನಪದ ತಂಡಗಳು ಹೋಗೋಕೆ ಶುರುವಾಗಿದ್ದು 1950ರ ದಶಕದಲ್ಲಿ. ಅಲ್ಲಿಂದ ಮುಂದೆ ಜಿಲ್ಲಾ ಉತ್ಸವ, ಯುವಜನೋತ್ಸವ, ಮೆರವಣಿಗೆ, ಮಂತ್ರಿ ಸ್ವಾಗತ. ರಾತ್ರಿಯೆಲ್ಲ ನಡೀತಿದ್ದದ್ದು ಐದು ನಿಮಿಷಕ್ಕೆ ಬಂತು. ಐದೇ ನಿಮಿಷದಲ್ಲಿ ಚಪ್ಪಾಳೆ ಬೇಕಂದ್ರೆ ಏನು ಮಾಡ್ತೀರಿ? ವೇಗ ಜಾಸ್ತಿ ಮಾಡ್ತೀರಿ, ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಪಿರಮಿಡ್ ಮಾಡ್ತೀರಿ. ಪಿರಮಿಡ್ ಮಾಡೋಕೆ ಡೊಳ್ಳು ಹಗುರ ಇರಬೇಕು, ಅದಕ್ಕೆ ಚಿಕ್ಕ ಡೊಳ್ಳು ಬಂತು, ಡೊಳ್ಳು ಹಗುರ ಆದ ಮೇಲೆ ಆ ಹಿಂದಕ್ಕೆ ವಾಲೋ ನಿಲುವಿನ ಅಗತ್ಯವೇ ಇಲ್ಲ, ಆದ್ರೂ ಗತ್ತು ಬೇಕಲ್ಲ, ಸುಮ್ನೆ ಎದೆ ಉಬ್ಬಿಸಿಕೊಂಡು ಓಡಾಡ್ತಾರೆ. ನೋಡೋರಿಗೆ ಏನೋ ಸರಿ ಇಲ್ಲ ಅನ್ನಿಸತ್ತೆ, ಏನು ಅಂತ ಗೊತ್ತಾಗಲ್ಲ. ಬೀಸು ಕಂಸಾಳೆಯಲ್ಲಿ ಹಾಡು ಪೆನ್‌ಡ್ರೈವ್‌ನಲ್ಲಿ ಹಾಕಿ, ಬರೀ ಬೀಸೋದು. ಹಾಗೆ ಮಾಡಿದ್ರೆ ಸಂಕಮ್ಮ ಔಟ್, ಉಳಿಯೋದು ಕಸರತ್ತು.

ನನಗೆ ಪಿರಮಿಡ್ ಬಗ್ಗೆ ಸಿಟ್ಟಿಲ್ಲ, ಆ ಹುಡುಗರು ಹೊಟ್ಟೆಪಾಡಿಗೆ ಮಾಡ್ತಾರೆ, ಐದು ನಿಮಿಷ ಅಂತ ಹೇಳಿದ್ದು ಅವರಲ್ಲ. ಸಿಟ್ಟಿರೋದು ಮಧ್ಯಾಹ್ನ ಎರಡು ಗಂಟೆಗೆ ಕರೆಸಿ, ರಾತ್ರಿ ಎಂಟಕ್ಕೆ ಸ್ಟೇಜ್ ಕೊಟ್ಟು, ಊಟದ ಪ್ಯಾಕೆಟ್ ಖಾಲಿ ಆಯ್ತು ಅನ್ನೋರ ಮೇಲೆ.

ಬದಲಾವಣೆ ಎಲ್ಲಾ ಕೆಟ್ಟದ್ದು ಅಂತಲೂ ಅಲ್ಲ. ಇವತ್ತು ಹೆಣ್ಣುಮಕ್ಕಳ ಡೊಳ್ಳು ತಂಡಗಳಿವೆ, ಹಿಂದೆ ಹೆಂಗಸರು ಡೊಳ್ಳು ಮುಟ್ಟೋದೇ ಇರಲಿಲ್ಲ. ನಾನು ನೋಡಿದ ಒಂದು ತಂಡದೋರು ಗಂಡಸರ ಡೊಳ್ಳನ್ನೇ ಕಟ್ಕೋತಾರೆ, ಹಗುರದ್ದು ಬೇಡ ಅಂತಾರೆ. ಅವರ ಕುಣಿತ ನೋಡಿದ್ರೆ ನಿಲುವು ಸ್ವಲ್ಪ ಬೇರೆ, ಭಾರವನ್ನ ಸೊಂಟದ ಮೇಲೆ ಇನ್ನೂ ಕೆಳಗೆ ಕೂರಿಸಿಕೊಳ್ತಾರೆ, ಹೆಜ್ಜೆ ಚಿಕ್ಕದು, ಆದ್ರೆ ಪೂರ್ತಿ ನೆಲಕ್ಕೆ ಊರತ್ತೆ. ಇದೇ ಭಾರಕ್ಕೆ ಬೇರೆ ಮೈ ಕೊಟ್ಟ ಉತ್ತರ ಅದು, ನಕಲಲ್ಲ. ನನಗೆ ತುಂಬಾ ಇಷ್ಟ ಆಯ್ತು.

ಈ ಎಲ್ಲದಕ್ಕೂ ಏಟು ಕೊಡೋದು ತಮಟೆ, ಅದರ ಬಗ್ಗೆ ಹೇಳದೆ ಹೋದ್ರೆ ತಪ್ಪಾಗತ್ತೆ. ತಮಟೆ ಬಾರಿಸೋ ಮುಂಚೆ ಕಾಯಿಸಬೇಕು. ಒಂದು ಮೂಲೆಯಲ್ಲಿ ಹುಲ್ಲೋ, ಒಣಗಿದ ತೆಂಗಿನ ಗರಿಯೋ, ಹಳೇ ಪೇಪರೋ ಹಾಕಿ ಬೆಂಕಿ ಮಾಡ್ತಾರೆ. ತಮಟೆ ಮುಖವನ್ನ ಬೆಂಕಿ ಕಡೆ ಹಿಡಿದು ತಿರುಗಿಸ್ತಾ ಇರ್ತಾರೆ, ಒಂದೇ ಕಡೆ ಹಿಡಿದ್ರೆ ಚರ್ಮ ಸುಟ್ಟು ಹೋಗತ್ತೆ. ಮಧ್ಯೆ ಮಧ್ಯೆ ಬೆರಳಲ್ಲಿ ತಟ್ಟಿ ಕಿವಿ ಕೊಡ್ತಾರೆ. ಮೊದಲು ಡಬ್ ಡಬ್ ಅಂತ ಮಂಕಾಗಿರತ್ತೆ, ಕಾವು ಏರ್ತಾ ಏರ್ತಾ ಟಣ್ ಅನ್ನೋಕೆ ಶುರುವಾಗತ್ತೆ, ಆಗ ಎದ್ದು ಕೊರಳಿಗೆ ಹಾಕ್ಕೋಬೇಕು. ಸ್ವಲ್ಪ ಹೊತ್ತು ಬಾರಿಸಿದ ಮೇಲೆ ಮತ್ತೆ ಸಡಿಲ ಆಗತ್ತೆ, ಮತ್ತೆ ಬೆಂಕಿ. ಮಳೆಗಾಲದಲ್ಲಿ ಅಂತೂ ಇದೇ ಒಂದು ಕೆಲಸ. ಹಾಗಾಗಿ ಹಳ್ಳಿಯಲ್ಲಿ ಕುಣಿತಕ್ಕೆ ತಾನಾಗೇ ಬಿಡುವು ಸಿಗತ್ತೆ, ಜೋರು, ವಿರಾಮ, ಮತ್ತೆ ಜೋರು. ಎಸಿ ಆಡಿಟೋರಿಯಂನಲ್ಲಿ ಬೆಂಕಿ ಹಚ್ಚೋಕೆ ಬಿಡಲ್ಲ, ಹಾಗಾಗಿ ಫೈಬರ್ ಮುಖದ ತಮಟೆ ಬಂತು, ಅದು ಸಡಿಲ ಆಗೋದೇ ಇಲ್ಲ, ಬಾರಿಸೋನೂ ನಿಲ್ಲಿಸೋದಿಲ್ಲ, ಸೌಂಡೂ ಒಂದೇ ಥರ, ಅರ್ಧ ಗಂಟೆಗೆ ತಲೆನೋವು.

ತಮಟೆ ಹಿಡಿಯೋರು ಯಾರು ಅಂತ ನಿಮಗೆ ಗೊತ್ತು. ದಲಿತ ಕೇರಿಯ ವಾದ್ಯ ಅದು, ಸಾವಿಗೂ ಅದೇ, ಜಾತ್ರೆಗೂ ಅದೇ, ಊರಲ್ಲಿ ಡಂಗುರ ಸಾರೋಕೂ ಅದೇ. ದೇವರ ಮುಂದೆ ಬಾರಿಸಬೇಕು, ಗುಡಿಯೊಳಗೆ ಹೋಗೋ ಹಾಗಿಲ್ಲ. ಬಿಟ್ಟಿ ಚಾಕರಿ ಅಂತ ಎಷ್ಟೋ ಹುಡುಗರು ತಮಟೆ ಕೆಳಗಿಟ್ಟರು, ಅದು ಅವರ ಹಕ್ಕು, ಅದನ್ನ ಸಂಸ್ಕೃತಿ ನಾಶ ಅಂತ ಅಳೋರ ಜೊತೆ ನಾನು ಸೇರಲ್ಲ. ಇನ್ನೊಂದಷ್ಟು ಜನ ಅದೇ ತಮಟೆಯನ್ನ ಹೋರಾಟದ ಮೆರವಣಿಗೆಗೆ ತಂದ್ರು. 2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಕೊಡಗಿನ ಉಮ್ಮತ್ತಾಟ್ ಕುಣಿತಕ್ಕೆ ರಾಣಿ ಮಾಚಯ್ಯನವರಿಗೂ ಬಂತು, 2021ರಲ್ಲಿ ಜೋಗತಿ ಕಲೆಗೆ ಮಂಜಮ್ಮ ಜೋಗತಿಯವರಿಗೆ ಬಂದಿತ್ತು. ಮಂಜಮ್ಮ ತಲೆ ಮೇಲೆ ಎಲ್ಲಮ್ಮನ ಕೊಡ ಹೊತ್ತು ಕುಣಿಯೋದನ್ನ ನೋಡಿ, ನಾನು ಇಷ್ಟು ಹೊತ್ತು ಹೇಳಿದ್ದು ಬರೀ ಮಾತಲ್ಲ ಅಂತ ಗೊತ್ತಾಗತ್ತೆ.

ಪ್ರಶ್ನೆ ಕೇಳೋಕೆ ಹೇಳಿದಾಗ ಒಬ್ಬ ಹುಡುಗಿ ಒಳ್ಳೇ ಪ್ರಶ್ನೆ ಕೇಳಿದ್ಲು, ಕೋಲಾಟದಲ್ಲಿ ಭಾರ ಎಲ್ಲಿದೆ ಸಾರ್, ಎರಡು ಗೇಣು ಕೋಲು ಅಷ್ಟೇ ಅಲ್ವಾ ಅಂತ. ಸರಿಯಾದ ಪ್ರಶ್ನೆ. ಅಲ್ಲಿ ಭಾರ ಇಲ್ಲ, ಎದುರಾಳಿ ಇದಾರೆ. ಎದುರಿಗಿರೋರ ಕೋಲು ಎಲ್ಲಿಗೆ ಬರತ್ತೋ ಅಲ್ಲಿಗೆ ನೀವು ಹೋಗಬೇಕು. ಮಿಜೋರಾಂನ ಚೆರಾವ್‌ನಲ್ಲೂ ಹಾಗೇ, ಗಂಡಸರು ಕೂತು ಬಿದಿರು ಗಳ ಬಡೀತಾ ಇರ್ತಾರೆ, ಹುಡುಗಿಯರು ಬಿದಿರು ತೆರೆದಾಗ ಕಾಲಿಟ್ಟು ಮುಚ್ಚೋ ಮುಂಚೆ ತೆಗೀಬೇಕು. ಅಲ್ಲಿ ಹೆಜ್ಜೆಯನ್ನ ನಿರ್ಧಾರ ಮಾಡೋದು ಬೇರೆಯವರ ಕೈಯಲ್ಲಿರೋ ವಸ್ತು. ಹಾಗಾಗಿ ನನ್ನ ವಾದವನ್ನ ಸ್ವಲ್ಪ ಹಿಗ್ಗಿಸಿಕೊಳ್ತೀನಿ, ಭಾರ ಅನ್ನೋ ಕಡೆ ವಸ್ತು ಅಂತ ಇಟ್ಕೊಳ್ಳಿ.

ಇನ್ನೊಬ್ಬ, ಇದನ್ನೆಲ್ಲ ಎಲ್ಲಿ ನೋಡಬೇಕು ಸಾರ್ ಅಂದ. ರಾಮನಗರದ ಹತ್ತಿರ ಜಾನಪದ ಲೋಕ ಇದೆ, ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಅಲ್ಲಿ ವಾದ್ಯಗಳನ್ನ ಹತ್ತಿರದಿಂದ ನೋಡಬಹುದು, ಮೈಸೂರು ಹೈವೇಯಲ್ಲಿ ಹೋಗ್ತಾ ತಟ್ಟೆ ಇಡ್ಲಿಗೆ ನಿಲ್ಲಿಸೋರು ಅಲ್ಲಿಗೂ ಒಂದು ಗಂಟೆ ಕೊಡಿ. ಹಾವೇರಿ ಜಿಲ್ಲೆ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಓದೋ ಆಸೆ ಇದ್ದೋರು ವಿಚಾರಿಸಿ. ನಿಜವಾದ್ದು ಬೇಕಂದ್ರೆ ಜಾತ್ರೆಗೆ ಹೋಗಬೇಕು. ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿಗೋ ದೀಪಾವಳಿಗೋ ಹೋಗಿ, ಮೈಲಾರಕ್ಕೆ ಭರತ ಹುಣ್ಣಿಮೆಗೆ, ಹುಬ್ಬಳ್ಳಿ ಕಡೆ ಹೋಳಿಗೆ ಹೋದ್ರೆ ಎತ್ತಿನ ಗಾಡಿ ಚಕ್ರದ ಪಟ್ಟಿಗೆ ಚರ್ಮ ಬಿಗಿದ ಜಗ್ಗಲಿಗೆ ಸಿಗತ್ತೆ. ಬೇಗ ಹೋಗಿ ಜಾಗ ಹಿಡೀರಿ, ನೀರಿನ ಬಾಟಲಿ ಇಟ್ಕೊಳ್ಳಿ, ಮೊಬೈಲಿಗೆ ನೆಟ್‌ವರ್ಕ್ ಸಿಗಲ್ಲ. ಮತ್ತೆ ತಂಡದೋರ ಜೊತೆ ಮಾತಾಡಿ, ಡೊಳ್ಳನ್ನ ಒಂದ್ಸಲ ಎತ್ತಿ ನೋಡ್ಲಾ ಅಂತ ಕೇಳಿ. ದೇವರ ಸೇವೆ ನಡೀತಿರುವಾಗ ಬೇಡ ಅನ್ನಬಹುದು, ಮುಗಿದ ಮೇಲೆ ಕೇಳಿದ್ರೆ ಹೆಚ್ಚಿನವರು ಕೊಡ್ತಾರೆ. ಚಪ್ಪಲಿ ಬಿಟ್ಟು ಎತ್ತಿ.